ಜೂನಿಯರ್ ಆಗಿ ಸೇರುವ ಮುಂಚೆ, ಜೂನಿಯರ್‌ನ ಸೇರಿಸಿಕೊಳ್ಳುವ ಮುಂಚೆ

ಕೊನೇ ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಲಾ ಕಾಲೇಜು ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಯಾರ ಆಫೀಸು ಸೇರುತ್ತೀಯ, ಎಷ್ಟು ಕೊಡುತ್ತಾರೆ? ಅತ್ತ ಕೋರ್ಟ್ ಕ್ಯಾಂಟೀನಿನಲ್ಲಿ ಸೀನಿಯರ್‌ಗಳದ್ದು ಇನ್ನೊಂದು ಗೋಳು. ಒಳ್ಳೆ ಜೂನಿಯರ್ ಸಿಗುವುದಿಲ್ಲ, ಸಿಕ್ಕವರು ಕೆಲಸ ಕಲಿಯುವಷ್ಟರಲ್ಲಿ ಬಿಟ್ಟು ಹೋಗುತ್ತಾರೆ. ಎರಡೂ ಕಡೆಯವರ ಮಾತು ಕೇಳಿಸಿಕೊಂಡ ಮೇಲೆ ನನಗೆ ಅನ್ನಿಸಿದ್ದು, ಮನಸ್ತಾಪ ಶುರುವಾಗುವುದು ದುಡ್ಡು ಕಮ್ಮಿ ಅಂತ ಕಡಿಮೆ, ಸೇರುವ ದಿನ ಯಾರೂ ಏನನ್ನೂ ಬಿಡಿಸಿ ಹೇಳಲಿಲ್ಲ ಅಂತಲೇ ಜಾಸ್ತಿ. ಬೆಳಗಾದರೆ ಊರವರಿಗೆಲ್ಲ ಅಗ್ರಿಮೆಂಟ್ ಬರೆದುಕೊಡುವ ಆಫೀಸಿನಲ್ಲಿ, ಸ್ವಂತ ಜೂನಿಯರ್ ಹೆಸರಿಗೆ ಒಂದು ಸಾಲಿನ ಪತ್ರ ಇರುವುದಿಲ್ಲ ನೋಡಿ!

ಹಾಗಾಗಿ ಇದನ್ನು ಎರಡೂ ಕಡೆಯವರಿಗೆ ಅಂತ ಬರೆಯುತ್ತಿದ್ದೇನೆ. ದೊಡ್ಡ ಲಾ ಫರ್ಮ್‌ಗಳ ವಿಷಯವೂ ಇದೆ. ಆದರೆ ಜಾಸ್ತಿ ಮಾತು ಸಾಮಾನ್ಯ ವಕೀಲರ ಆಫೀಸಿನ ಬಗ್ಗೆ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಫರ್ಮ್‌ಗಳೇ ಕ್ಯಾಂಪಸ್‌ಗೆ ಬರುತ್ತವೆ, 'ಡೇ ಝೀರೋ' ಅಂತ ದಿನ ಗೊತ್ತು ಮಾಡಿ ಆರಿಸಿಕೊಂಡು ಹೋಗುತ್ತವೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜುಗಳಲ್ಲಿ ಓದಿದವರಲ್ಲಿ ಹೆಚ್ಚಿನವರಿಗೆ ಆ ಭಾಗ್ಯ ಇಲ್ಲ. ಅಲ್ಲಿ ನಡೆಯುವುದು "ನಮ್ಮ ಮಾವನ ಪರಿಚಯದವರು ಒಬ್ಬರಿದ್ದಾರೆ, ಹೋಗಿ ನೋಡು" ಅನ್ನುವ ದಾರಿ. ಮಾವನ ಪರಿಚಯ ಇಲ್ಲದವರು ಏನು ಮಾಡಬೇಕು, ಹೇಳಿ.

ಇಂಟರ್ನ್‌ಶಿಪ್‌ನಿಂದಲೇ ಶುರು ಮಾಡಿ

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸ್‌ನವರು ಒಟ್ಟು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಬೇಕು. ಯಾವ ವರ್ಷವೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಜಾಸ್ತಿ ಇರಬಾರದು. ಟ್ರಯಲ್ ಕೋರ್ಟ್ ವಕೀಲರ ಹತ್ತಿರ, ಅಪೀಲು ನಡೆಸುವವರ ಹತ್ತಿರ, ಎರಡೂ ಕಡೆ ಒಮ್ಮೆಯಾದರೂ ಇರಬೇಕು. ಇದು ಗೊತ್ತಿದ್ದರೆ "ಕಾಲೇಜಿಗೆ ಹೇಗೋ ಹೇಳಿ ಮೂರು ತಿಂಗಳು ಬಂದುಬಿಡು, ಆಮೇಲೆ ನೋಡೋಣ" ಅನ್ನುವವರಿಗೆ ಏನು ಉತ್ತರ ಕೊಡಬೇಕು ಅನ್ನುವುದೂ ಗೊತ್ತಿರುತ್ತದೆ. ನಿಯಮ ತೋರಿಸಿ, ನಾಲ್ಕು ವಾರ ಬರುತ್ತೇನೆ ಸರ್ ಅನ್ನಿ. ಅಷ್ಟೇ.

ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಬೇಡಿ. ರಿಜಿಸ್ಟ್ರೇಷನ್ ಫೀ, ಸರ್ಟಿಫಿಕೇಟ್ ಫೀ, ಯಾವ ಹೆಸರಿನಲ್ಲಿ ಕೇಳಿದರೂ ಸರಿ. ಮನೆಯಲ್ಲೇ ಕೂತು ನಾಲ್ಕು ಬ್ಲಾಗ್ ಬರೆಸಿಕೊಂಡು ಸರ್ಟಿಫಿಕೇಟ್ ಕಳಿಸುವ ಆನ್‌ಲೈನ್ ಅಂಗಡಿಗಳ ಕಾಗದಕ್ಕೆ ಕೋರ್ಟ್ ಹಾಲಿನಲ್ಲಿ ಕೂತು ಒಂದು ಕ್ರಾಸ್ ಎಗ್ಸಾಮಿನೇಷನ್ ಪೂರ್ತಿ ನೋಡಿದಷ್ಟು ಬೆಲೆ ಖಂಡಿತ ಇಲ್ಲ.

ಸೀನಿಯರ್‌ಗಳಿಗೊಂದು ಮಾತು. ಇಂಟರ್ನ್ ಬಂದ ದಿನವೇ ಯಾರ ಜೊತೆ ಇರಬೇಕು, ಯಾವ ಕೋರ್ಟಿಗೆ ಹೋಗಬೇಕು ಅಂತ ಹೇಳಿಬಿಡಿ. ಜೆರಾಕ್ಸ್ ಮಾಡಿಸುವುದು, ಫೈಲಿಗೆ ದಾರ ಕಟ್ಟುವುದು, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕುವುದು ಇವೆಲ್ಲ ಕಲಿಯಬೇಕಾದ ಕೆಲಸವೇ. ಅದರಲ್ಲಿ ಅವಮಾನ ಏನಿಲ್ಲ, ಫೈಲಿಂಗ್ ಕೌಂಟರಿನಲ್ಲಿ ಹಾಕುವ ಆಫೀಸ್ ಅಬ್ಜೆಕ್ಷನ್ (ಅರ್ಜಿಯಲ್ಲಿ ಏನು ತಪ್ಪಿದೆ ಅನ್ನುವ ಟಿಪ್ಪಣಿ) ಓದಿದವನಿಗೆ ಪ್ರೊಸೀಜರ್ ಪುಸ್ತಕದಲ್ಲಿ ಸಿಗದ ಎಷ್ಟೋ ಗೊತ್ತಾಗುತ್ತದೆ. ಆದರೆ ನಾಲ್ಕು ವಾರವೂ ಬರೀ ಅದೇ ಆದರೆ ನಿಮಗೆ ಬೇಕಾಗಿದ್ದದ್ದು ಇಂಟರ್ನ್ ಅಲ್ಲ, ಗುಮಾಸ್ತ. ಗುಮಾಸ್ತನಿಗೆ ಸಂಬಳ ಕೊಡುತ್ತೀರಿ ಅಲ್ವಾ.

ಸೇರುವ ಮುಂಚೆ ವಿಚಾರಿಸಿ

ಆಫೀಸು ಹೇಗಿದೆ ಅಂತ ತಿಳಿಯಬೇಕಾದರೆ ಸೀನಿಯರ್ ಬಾಯಿಂದ ಕೇಳುವುದಕ್ಕಿಂತ ಅಲ್ಲಿಂದ ಬಿಟ್ಟು ಬಂದವರನ್ನು ಕೇಳುವುದು ಮೇಲು. ಹುಡುಕುವುದು ಕಷ್ಟ ಏನಲ್ಲ. ಇಕೋರ್ಟ್ಸ್ ತಾಣದಲ್ಲಿ ಹಳೇ ಕೇಸುಗಳನ್ನು ತೆಗೆದು ವಕೀಲರ ಹೆಸರು ನೋಡಿದರೆ ಸೀನಿಯರ್ ಜೊತೆ ಒಂದು ಕಾಲಕ್ಕೆ ಯಾರ್ಯಾರಿದ್ದರು ಅನ್ನುವ ಸುಳಿವು ಸಿಗುತ್ತದೆ. ಅವರನ್ನು ಹಿಡಿದು ಕೇಳಿ. ಎಷ್ಟು ದಿನ ಇದ್ದಿರಿ? ವಾದ ಮಾಡೋಕೆ ಬಿಡುತ್ತಿದ್ದರಾ, ಬರೀ ಡೇಟ್ ತಗೊಳ್ಳೋದಾ? ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಿದ್ದರು? ಭಾನುವಾರ? ಹೇಳಿದ ದಿನಕ್ಕೆ ದುಡ್ಡು ಬರುತ್ತಿತ್ತಾ, ಕೇಳಿ ತಗೋಬೇಕಿತ್ತಾ? ಕೊನೇ ಪ್ರಶ್ನೆಗೆ ಅವರು ನಕ್ಕರೆ ಅರ್ಥ ಮಾಡಿಕೊಳ್ಳಿ.

ದುಡ್ಡಿನ ಮಾತು

ಎಲ್ಲರೂ ಹಿಂಜರಿಯುವ ಜಾಗ ಇದು. "ಏನಪ್ಪಾ, ಕಲಿಯೋಕೆ ಬಂದಿದ್ದೀಯ, ನಾನೇ ನಿನ್ನ ಹತ್ರ ಫೀಸು ತಗೋಬೇಕು" ಅಂತ ತಮಾಷೆ ಮಾಡುವ ಸೀನಿಯರ್‌ಗಳು ಇನ್ನೂ ಇದ್ದಾರೆ. ಅವರ ಕಾಲದಲ್ಲಿ ಹಾಗಿತ್ತು, ನಿಜ. ಆಗ ಪುಕ್ಕಟೆ ದುಡಿಯಲು ಆಗುತ್ತಿದ್ದದ್ದು ಅಪ್ಪನ ಆಫೀಸೋ, ಜಮೀನೋ, ಊರಿಂದ ಬರುವ ಅಕ್ಕಿಯೋ ಇದ್ದವರಿಗೆ. ಇಲ್ಲದವರು ಎಷ್ಟೋ ಜನ ಕರೀ ಕೋಟು ಕಳಚಿಟ್ಟು ಬೇರೆ ಕೆಲಸ ನೋಡಿಕೊಂಡರು. ಸ್ಟೈಪೆಂಡ್ ಕೊಡದ ಆಫೀಸಿನಲ್ಲಿ ಬಡವರ ಮಕ್ಕಳು ಉಳಿಯುವುದಿಲ್ಲ, ಅದಕ್ಕೆ ಯಾವ ನೋಟಿಸ್ ಬೋರ್ಡೂ ಬೇಕಾಗಿಲ್ಲ.

2024ರ ಅಕ್ಟೋಬರ್‌ನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತು. ನಗರಗಳಲ್ಲಿ ಜೂನಿಯರ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಕಡೆ 15,000. ಇದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಕೊಡದಿದ್ದರೆ ಕೇಸ್ ಹಾಕಲು ಬರುವುದಿಲ್ಲ. ಆದರೂ ಮಾತು ಶುರು ಮಾಡಲು ಒಂದು ಅಂಕಿ ಸಿಕ್ಕಿತಲ್ಲ. ತಾಲ್ಲೂಕು ಕೋರ್ಟಿನ ಸಣ್ಣ ಆಫೀಸಿನವರಿಗೆ ಅಷ್ಟು ಕೊಡಲು ನಿಜವಾಗಿ ಆಗದೇ ಇರಬಹುದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆಗ ಎಷ್ಟು ಆಗುತ್ತದೋ ಅಷ್ಟನ್ನು ಮೊದಲೇ ಹೇಳಿ, ಇಂಥ ತಾರೀಕಿಗೆ ಕೊಟ್ಟುಬಿಡಿ. ಜೂನಿಯರ್ ತಾನೇ ತಂದ ಕೇಸಿನ ಫೀಸು ಯಾರಿಗೆ, ಎಷ್ಟು ಪಾಲು ಅನ್ನುವುದನ್ನೂ ಆವತ್ತೇ ಮಾತಾಡಿ. ಮುಂದೆ ದೊಡ್ಡ ಜಗಳ ಆಗುವುದು ಇದೇ ವಿಷಯಕ್ಕೆ.

ಎದುರಿಗೆ ಕೂತು ಕೇಳಲು ಬಾಯಿ ಬರದಿದ್ದರೆ ಬರೆದು ಕಳಿಸಿ. ಹೀಗೆ (ಎಐಬಿಇ ಅಂದರೆ ಪ್ರಾಕ್ಟೀಸ್ ಮಾಡಲು ಪಾಸಾಗಬೇಕಾದ ಬಾರ್ ಕೌನ್ಸಿಲ್ ಪರೀಕ್ಷೆ):

"ನಮಸ್ಕಾರ ಸರ್. ಸೋಮವಾರ ಭೇಟಿಗೆ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಜುಲೈ 1ರಿಂದ ಆಫೀಸಿಗೆ ಬರಲು ಹೇಳಿದ್ದೀರಿ, ಖುಷಿಯಾಯಿತು. ಸೇರುವ ಮುಂಚೆ ಮೂರು ವಿಷಯ ತಿಳಿಸಿದರೆ ಅನುಕೂಲ. ತಿಂಗಳ ಸ್ಟೈಪೆಂಡ್ ಎಷ್ಟು, ಯಾವ ದಿನ? ಬೆಳಗ್ಗೆ ಮತ್ತು ಸಂಜೆ ಆಫೀಸಿನ ಸಮಯ ಏನು? ಎಐಬಿಇ ಪರೀಕ್ಷೆಗೆ ಓದಲು ಎಷ್ಟು ದಿನ ರಜೆ ಸಿಗಬಹುದು? ತಪ್ಪು ತಿಳಿಯಬೇಡಿ ಸರ್, ಪಿಜಿ ಬಾಡಿಗೆ ಲೆಕ್ಕ ಹಾಕಿಕೊಳ್ಳಬೇಕಿತ್ತು, ಅದಕ್ಕೆ ಕೇಳಿದೆ."

ಇಂಥ ಮೆಸೇಜ್ ನೋಡಿ ಸಿಟ್ಟಾಗುವ ಸೀನಿಯರ್ ಮುಂದೆ ಯಾವುದಕ್ಕೆ ಸಿಟ್ಟಾಗುವುದಿಲ್ಲ ಹೇಳಿ. ಸೇರುವ ಮೊದಲೇ ಗೊತ್ತಾದದ್ದು ಒಳ್ಳೆಯದೇ ಆಯಿತು.

ಸೀನಿಯರ್ ಕಡೆಯಿಂದ ಬೇಕಾದ್ದೂ ಅರ್ಧ ಪುಟ. ಹೆಸರು, ಸೇರುವ ದಿನ, ತಿಂಗಳಿಗೆ ಎಷ್ಟು, ಯಾವಾಗ ಪರಿಶೀಲಿಸಿ ಜಾಸ್ತಿ ಮಾಡುತ್ತೇವೆ, ಆಫೀಸ್ ಹೊತ್ತು, ರಜೆ, ಕೋರ್ಟ್ ಓಡಾಟದ ಖರ್ಚು ಯಾರದು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು. ಇದನ್ನು ಲೆಟರ್‌ಹೆಡ್ಡಿನಲ್ಲಿ ಕೊಟ್ಟರೆ ಚೆಂದ, ವಾಟ್ಸಾಪ್‌ನಲ್ಲಿ ಕಳಿಸಿದರೂ ಸಾಕು.

ಫರ್ಮ್ ಸೇರುವವರು ಇನ್ನೊಂದು ಗಮನಿಸಿ. ವಕೀಲರು ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ ಅನ್ನುವ ಬಾರ್ ಕೌನ್ಸಿಲ್ ನಿಯಮ ಇರುವುದರಿಂದ ಸಾಮಾನ್ಯವಾಗಿ ಕೊಡುವುದು ವೃತ್ತಿ ಶುಲ್ಕ, ಅಂದರೆ 10% ಟಿಡಿಎಸ್ ಹಿಡಿದು ಕೈಗೆ ಬರುತ್ತದೆ, ಪಿಎಫ್ ಇರುವುದಿಲ್ಲ. ವರ್ಷಕ್ಕೆ ಇಷ್ಟು ಲಕ್ಷ ಅಂತ ಹೇಳಿದಾಗ ಅದರಲ್ಲಿ ಬೋನಸ್ ಎಷ್ಟು, ಬೋನಸ್ ಖಾತ್ರಿಯಾ ಇಲ್ಲವಾ, ತಿಂಗಳಿಗೆ ಬ್ಯಾಂಕಿಗೆ ಬೀಳುವುದೆಷ್ಟು ಅಂತ ಕೇಳಿ. ಹಿಡಿದ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯಾ ಅಂತ ಆಗಾಗ ಪೋರ್ಟಲ್‌ನಲ್ಲಿ ನೋಡುತ್ತಿರಿ. ರಿಟರ್ನ್ ಹಾಕಿದರೆ ಜಾಸ್ತಿ ಕಟ್ ಆಗಿದ್ದು ವಾಪಸ್ ಬರುತ್ತದೆ.

ಎನ್‌ರೋಲ್‌ಮೆಂಟ್, ಮಾರ್ಕ್ಸ್ ಕಾರ್ಡು

ಸನದು, ಅಂದರೆ ವಕೀಲರಾಗಿ ಎನ್‌ರೋಲ್ ಆದ ಪತ್ರ, ಪಡೆಯಲು ರಾಜ್ಯ ವಕೀಲರ ಪರಿಷತ್ತುಗಳು ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದ ಕಾಲ ಇತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆ 1961ರಲ್ಲಿ ಹೇಳಿರುವುದಕ್ಕಿಂತ ಒಂದು ರೂಪಾಯಿ ಜಾಸ್ತಿ ಎನ್‌ರೋಲ್‌ಮೆಂಟ್ ಶುಲ್ಕ ತಗೊಳ್ಳುವಂತಿಲ್ಲ ಅಂದಿತು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಎನ್‌ರೋಲ್ ಆದ ಮೇಲೆ ಎರಡು ವರ್ಷದೊಳಗೆ ಎಐಬಿಇ ಪಾಸು ಮಾಡಬೇಕು. ಸೀನಿಯರ್‌ಗಳು ಓದಲು ನಾಲ್ಕು ದಿನ ಬಿಡಿ, ಪರೀಕ್ಷೆಯ ಹಿಂದಿನ ರಾತ್ರಿ ರಿಟ್ ಪಿಟಿಷನ್ ಟೈಪ್ ಮಾಡಿಸಬೇಡಿ. ಸನದು ಬರುವ ತನಕ ಆ ಹುಡುಗನನ್ನು ಬ್ಯಾಂಡು ಕಟ್ಟಿಸಿ ಕೋರ್ಟ್ ಹಾಲಿನಲ್ಲಿ ನಿಲ್ಲಿಸಲೂಬೇಡಿ. ಸಿಕ್ಕಿಬಿದ್ದರೆ ಮೊದಲು ತೊಂದರೆಗೆ ಬೀಳುವುದು ಅವನೇ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದವರಿಗೆ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತಗೊಳ್ಳಿ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ವಕೀಲಿ ತರಬೇತಿ ಸಮಯದಲ್ಲಿ ರಾಜ್ಯ ಸರ್ಕಾರದ ಶಿಷ್ಯವೇತನ ಯೋಜನೆಗಳಿವೆ. ಜಿಲ್ಲೆಯ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಗಳು ಅರ್ಜಿ ಕರೆಯುತ್ತವೆ, ಪತ್ರಿಕೆಯ ಮೂಲೆಯಲ್ಲಿ ಸಣ್ಣದಾಗಿ ಬಂದಿರುತ್ತದೆ. ನೋಡಿಕೊಂಡು ಅರ್ಜಿ ಹಾಕಿ. ಅದು ಸಿಗುತ್ತದೆ ಅಂತ ಆಫೀಸಿನವರು ತಮ್ಮ ಸ್ಟೈಪೆಂಡ್ ಕಟ್ ಮಾಡುವುದು ಮಾತ್ರ ಸಣ್ಣತನ.

ಆರಿಸುವವರಿಗೆ

ಮೊದಲು, ಜೂನಿಯರ್ ಬೇಕು ಅನ್ನುವುದನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಹೇಳಿ. ನಿಮ್ಮೂರಿನ ಕಾಲೇಜಿನ ಪ್ರಿನ್ಸಿಪಾಲರಿಗೊಂದು ಪತ್ರ, ವಕೀಲರ ಸಂಘದ ನೋಟಿಸ್ ಬೋರ್ಡಿನಲ್ಲೊಂದು ಹಾಳೆ. ಬೆಂಗಳೂರಿನ ಫರ್ಮ್‌ಗಳು ಧಾರವಾಡ, ಕಲಬುರಗಿ ಕಡೆಗೂ ಒಂದು ಇಮೇಲ್ ಹಾಕಲಿ, ಎರಡೂ ಕಡೆ ಹೈಕೋರ್ಟ್ ಪೀಠಗಳಿವೆ, ಅಲ್ಲೂ ಚುರುಕು ಹುಡುಗ ಹುಡುಗಿಯರಿದ್ದಾರೆ. ಸುಪ್ರೀಂ ಕೋರ್ಟೇ ಲಾ ಕ್ಲರ್ಕ್‌ಗಳಿಗೆ (ನ್ಯಾಯಮೂರ್ತಿಗಳಿಗೆ ಸಂಶೋಧನೆಯಲ್ಲಿ ನೆರವಾಗುವವರು) ಬಹಿರಂಗವಾಗಿ ಅರ್ಜಿ ಕರೆದು, ಬಹು ಆಯ್ಕೆಯ ಪ್ರಶ್ನೆಪತ್ರಿಕೆ, ಬರೆಯುವ ಪರೀಕ್ಷೆ, ಸಂದರ್ಶನ ಅಂತ ಮೂರು ಹಂತ ಇಟ್ಟುಕೊಂಡಿರುವಾಗ ನಮ್ಮ ಆಫೀಸಿಗೆ ಒಂದು ಹಂತವಾದರೂ ಇರಲಿ.

ಸಂದರ್ಶನ ಅಂದರೆ ನಮ್ಮಲ್ಲಿ ಏನಾಗುತ್ತದೆ ಗೊತ್ತಲ್ಲ. "ಯಾವ ಊರು?" ಹಾಸನ ಸರ್. "ಹಾಸನದಲ್ಲಿ ಯಾವ ಕಡೆ?" ಅರಕಲಗೂಡು ಸರ್. "ಓಹೋ. ಅಪ್ಪನ ಹೆಸರು?" ಹೇಳಿದ ಮೇಲೂ ಸುಳಿವು ಸಿಗದಿದ್ದರೆ, "ಮನೆದೇವರು ಯಾವುದಪ್ಪಾ?" ಕೇಳುತ್ತಿರುವುದು ಏನನ್ನು ಅಂತ ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಹೆಣ್ಣುಮಕ್ಕಳಾದರೆ ಇದರ ಜೊತೆಗೆ ಇನ್ನೊಂದು: "ನೋಡಮ್ಮಾ, ಮದುವೆ ಆದ್ಮೇಲೂ ಪ್ರಾಕ್ಟೀಸ್ ಮಾಡ್ತೀಯಾ? ಮನೆಯವರು ಒಪ್ತಾರಾ?" ಗಂಡುಮಕ್ಕಳನ್ನು ಯಾರಾದರೂ ಇದನ್ನು ಕೇಳಿದ್ದು ನಾನಂತೂ ನೋಡಿಲ್ಲ. ಇವಿಷ್ಟನ್ನೂ ಬಿಟ್ಟುಬಿಡಿ. ಸಂಜೆ ಎಂಟರವರೆಗೆ ಕೆಲಸ ಇರುತ್ತದೆ ಅನ್ನುವುದು ಮುಖ್ಯವಾದರೆ "ವಾರದಲ್ಲಿ ಎರಡು ದಿನ ಎಂಟು ಗಂಟೆ ಆಗುತ್ತದೆ, ನಿಮಗೆ ಆಗುತ್ತದಾ?" ಅಂತ ಎಲ್ಲರನ್ನೂ ಕೇಳಿ. ಮನೆದೇವರು, ಮದುವೆ ಅಂತ ಕೇಳಿಸಿಕೊಂಡವರಿಗೆ ಒಂದು ಸಲಹೆ: "ಅದು ಕೆಲಸಕ್ಕೆ ಅಡ್ಡಿ ಆಗಲ್ಲ ಸರ್" ಅಂತ ನಗುತ್ತಾ ಹೇಳಿ ನಿಮ್ಮ ಕೆಲಸದ ಮಾತಿಗೆ ವಾಪಸ್ ಬಂದುಬಿಡಿ, ಉತ್ತರ ಕೊಡಲೇಬೇಕು ಅಂತೇನಿಲ್ಲ.

ಬದಲಿಗೆ ಒಂದು ಕೆಲಸ ಕೊಟ್ಟು ನೋಡಿ. ಮುಗಿದ ಯಾವುದೋ ಕೇಸಿನ ಹೆಸರುಗಳನ್ನೆಲ್ಲ ಬದಲಾಯಿಸಿ, ಎರಡು ಪುಟದ ಸಂಗತಿ ಮತ್ತು ಆರ್ಡರ್ ಶೀಟ್ (ಪ್ರತಿ ತಾರೀಕಿಗೆ ಕೋರ್ಟ್ ಬರೆಯುವ ಆದೇಶದ ಹಾಳೆ) ಕೊಡಿ. ಒಂದು ಗಂಟೆ. ತಾರೀಕಿನ ಪಟ್ಟಿ ಮಾಡು, ಲಿಮಿಟೇಶನ್, ಅಂದರೆ ಕೇಸ್ ಹಾಕುವ ಗಡುವು, ಇನ್ನೂ ಇದೆಯಾ ನೋಡು, ಒಂದು ಲೀಗಲ್ ನೋಟಿಸ್ ಬರೆ. ಉತ್ತರದ ಹಾಳೆಯ ಮೇಲೆ ಹೆಸರು, ಕಾಲೇಜು ಬೇಡ, ನಂಬರ್ ಸಾಕು. ಓದಿ ಮಾರ್ಕ್ಸ್ ಹಾಕಿದ ಮೇಲೆ ಹೆಸರು ನೋಡಿ. ಯಾವ ಕಾಲೇಜಿನವರು ಮೇಲೆ ಬಂದಿದ್ದಾರೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗಬಹುದು. ಈಗ ನಡೆಯುತ್ತಿರುವ ಕೇಸಿನ ಡ್ರಾಫ್ಟನ್ನೇ 'ಟೆಸ್ಟ್' ಅಂತ ಹತ್ತು ಅಭ್ಯರ್ಥಿಗಳಿಂದ ಬರೆಸಿಕೊಂಡು ಒಳ್ಳೆಯದನ್ನು ಫೈಲ್ ಮಾಡುವ ಜಾಣರೂ ಇದ್ದಾರೆ. ಅದು ಕಳ್ಳತನ.

ಭಾಷೆಯ ವಿಷಯ. ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆ ಕನ್ನಡದಲ್ಲಿ, ಕಕ್ಷಿದಾರ ಮಾತಾಡುವುದು ಕನ್ನಡದಲ್ಲಿ, ಪಹಣಿ, ಮ್ಯುಟೇಶನ್, ಎಫ್‌ಐಆರ್ ಎಲ್ಲ ಕನ್ನಡದಲ್ಲಿ. ಅಂಥ ಆಫೀಸಿಗೆ ಜೂನಿಯರ್ ಆರಿಸುವಾಗ ಇಂಗ್ಲಿಷ್ ಉಚ್ಚಾರಣೆ ನೋಡಿ ಮಾರ್ಕ್ಸ್ ಹಾಕುವುದು ಏಕೆ? ಕನ್ನಡದಲ್ಲಿ ಪರೀಕ್ಷೆ ಬರೆದು ಪಾಸಾದವರಿಗೆ ಹಳೇ ಕ್ರಯಪತ್ರ ಓದಲು ಬರುತ್ತದೆ, ಅದು ಇಂಗ್ಲಿಷ್ ಮೀಡಿಯಂನ ಎಷ್ಟೋ ಜನಕ್ಕೆ ಬರುವುದಿಲ್ಲ. ಹೈಕೋರ್ಟ್ ಕೆಲಸಕ್ಕೆ ಇಂಗ್ಲಿಷ್ ಬೇಕೇ ಬೇಕು, ಅಲ್ಲಿ ಕೇಳಿ. ಯಾವ ಕೆಲಸಕ್ಕೆ ಕರೆದಿದ್ದೀರೋ ಅದನ್ನು ಪರೀಕ್ಷೆ ಮಾಡಿ.

ಕಣ್ಣು ಕಾಣದವರು ಅರ್ಜಿ ಹಾಕಿದರೆ ಸ್ಕ್ಯಾನ್ ಮಾಡಿದ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವಂಥ ಫೈಲ್ ಕಳಿಸಿ. ದೃಷ್ಟಿದೋಷ ಇರುವವರನ್ನು ನ್ಯಾಯಾಧೀಶರ ಹುದ್ದೆಗೆ ಬೇಡ ಅನ್ನುವಂತಿಲ್ಲ ಅಂತ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಇನ್ನು ಜೂನಿಯರ್ ಕೆಲಸಕ್ಕೆ ಏನು ಅಡ್ಡಿ.

ಆಯ್ಕೆ ಆಗದವರಿಗೂ ಒಂದು ಸಾಲು ಉತ್ತರ ಹಾಕಿ. "ಈ ಸಲ ಬೇರೆಯವರನ್ನು ತಗೊಂಡಿದ್ದೇವೆ" ಅಂತ ಟೈಪ್ ಮಾಡಲು ಅರ್ಧ ನಿಮಿಷ ಸಾಕು.

ಆಫರ್ ಬಂದ ಮೇಲೆ

"ಇವತ್ತು ಸಂಜೆಯೊಳಗೆ ಹೂಂ ಅನ್ನಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ." ಬಸ್ಸಿನ ಕೊನೇ ಸೀಟು ಮಾರುವ ಹಾಗಿನ ಈ ಮಾತು ಫರ್ಮ್‌ಗಳಲ್ಲಿ ಜಾಸ್ತಿ. ಅಮೆರಿಕದಲ್ಲಿ ವಕೀಲರ ನೇಮಕಾತಿ ವಿಷಯ ನೋಡುವ ನಾಲ್ಪ್ ಅನ್ನುವ ಸಂಘದ ಮಾರ್ಗಸೂಚಿಯಲ್ಲಿ ಹೊಸಬರಿಗೆ ಆಫರ್ ಕೊಟ್ಟರೆ 28 ದಿನ ತೆರೆದಿಡಬೇಕು ಅಂತ ಇತ್ತು. 2018ರಲ್ಲಿ ಅವರೂ ಅದನ್ನು ಕೈಬಿಟ್ಟರು. ನಮ್ಮಲ್ಲಿ ಅಂಥದ್ದು ಇಲ್ಲ, ಕಾಲೇಜಿನ ಪ್ಲೇಸ್‌ಮೆಂಟ್ ಕಮಿಟಿ ಏನು ನಿಯಮ ಮಾಡುತ್ತದೋ ಅದೇ. ಕನಿಷ್ಠ ಒಂದು ವಾರ ಕೊಡಿ ಅಂತ ನನ್ನ ಅಭಿಪ್ರಾಯ. ಹೆದರಿಸಿ ಹೂಂ ಅನ್ನಿಸಿಕೊಂಡವರು ಮೊದಲ ಅವಕಾಶಕ್ಕೇ ಹೊರಡುತ್ತಾರೆ.

ವಿದ್ಯಾರ್ಥಿಗಳೂ ಸಾಧುಗಳೇನಲ್ಲ ಬಿಡಿ. ಒಂದು ಕಡೆ ಒಪ್ಪಿಕೊಂಡು, ಇನ್ನೂ ಒಳ್ಳೆಯದು ಸಿಗಬಹುದು ಅಂತ ಮೂರು ಕಡೆ ಇಂಟರ್‌ವ್ಯೂ ಕೊಟ್ಟು, ಸೇರುವ ದಿನ ಫೋನ್ ಸ್ವಿಚ್ ಆಫ್. ನಿಮ್ಮಿಂದಾಗಿ ನಿಮ್ಮ ಕಾಲೇಜಿಗೇ ಮುಂದಿನ ವರ್ಷ ಅವರು ಬರುವುದಿಲ್ಲ. ಸಮಯ ಬೇಕಾದರೆ ಕೇಳಿ. ಒಪ್ಪಿಕೊಂಡ ದಿನವೇ ಉಳಿದ ಕಡೆ ಬರೆಯಿರಿ: "ಮೇಡಂ, ನನಗೆ ಬೇರೆ ಕಡೆ ಕೆಲಸ ಆಗಿದೆ, ಒಪ್ಪಿಕೊಂಡಿದ್ದೇನೆ. ನನ್ನ ಅರ್ಜಿ ಕೈಬಿಡಿ. ನಿಮ್ಮ ಸಮಯಕ್ಕೆ ಧನ್ಯವಾದ." ನೀವು ಬಿಟ್ಟ ಜಾಗ ನಿಮ್ಮ ಕ್ಲಾಸಿನವರಿಗೇ ಸಿಗಬಹುದು. ರೆಸ್ಯೂಮೆಯಲ್ಲಿ ಹೋಗದ ಕೋರ್ಟು, ಮಾಡದ ಮೂಟ್ (ಅಣಕು ನ್ಯಾಯಾಲಯದ ಸ್ಪರ್ಧೆ) ಬರೆಯಬೇಡಿ. ಮಾದರಿ ಬರಹ ಕೇಳಿದರೆ ಇಂಟರ್ನ್‌ಶಿಪ್‌ನಲ್ಲಿ ಟೈಪ್ ಮಾಡಿದ ನಿಜವಾದ ಪ್ಲೈಂಟ್ (ದಾವೆ ಅರ್ಜಿ) ಅನ್ನು ಪಕ್ಷಗಾರರ ಹೆಸರು ವಿಳಾಸ ಸಮೇತ ಕಳಿಸುವವರಿದ್ದಾರೆ. ಅದನ್ನು ನೋಡಿದ ವಕೀಲರು ಯೋಚಿಸುವುದು ಒಂದೇ, ನಾಳೆ ನನ್ನ ಫೈಲೂ ಹೀಗೇ ಹೋಗುತ್ತದೆ.

ಬಾಂಡು, ಸರ್ಟಿಫಿಕೇಟು, ದೂರು

ಎರಡು ವರ್ಷ ಬಿಡಬಾರದು, ಬಿಟ್ಟರೆ ಇಷ್ಟು ಕಟ್ಟಬೇಕು ಅಂತ ಬಾಂಡ್ ಬರೆಸಿಕೊಳ್ಳುವವರು ಈಗ 2025ರ ಮೇ ತಿಂಗಳ ವಿಜಯಾ ಬ್ಯಾಂಕ್ ತೀರ್ಪು ತೋರಿಸುತ್ತಾರೆ. ಅದರಲ್ಲಿ ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಿಜ. ಆದರೆ ಅಲ್ಲಿ ಇದ್ದದ್ದು ಸರ್ಕಾರಿ ಬ್ಯಾಂಕ್, ದೇಶಕ್ಕೆಲ್ಲ ಜಾಹೀರಾತು ಕೊಟ್ಟು ಪರೀಕ್ಷೆ ಮಾಡಿ ತಗೊಳ್ಳುವ ಖರ್ಚು. ಮಾವನ ಪರಿಚಯದಿಂದ ಜೂನಿಯರ್ ಸಿಕ್ಕ ಆಫೀಸಿಗೆ ಯಾವ ಖರ್ಚು? ಬಿಟ್ಟ ಮೇಲೆ ಇದೇ ಊರಲ್ಲಿ ಪ್ರಾಕ್ಟೀಸ್ ಮಾಡಬಾರದು ಅನ್ನುವ ಷರತ್ತಂತೂ, ವೃತ್ತಿ ಮಾಡದಂತೆ ತಡೆಯುವ ಒಪ್ಪಂದ ಅನೂರ್ಜಿತ ಅನ್ನುವ ಕಾಂಟ್ರಾಕ್ಟ್ ಕಾಯ್ದೆಯ 27ನೇ ಕಲಮಿನ ಎದುರು ನಿಲ್ಲುವುದೇ ಕಷ್ಟ. ಒಂದು ತಿಂಗಳ ನೋಟಿಸ್ ಇಟ್ಟುಕೊಳ್ಳಿ, ಸಾಕು.

ಸರ್ಟಿಫಿಕೇಟಿನ ವಿಷಯ ಈಗ ಜಾಸ್ತಿ ಮುಖ್ಯ. 2025ರ ಮೇ 20ರ ತೀರ್ಪಿನಲ್ಲಿ ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ಪ್ರಾಕ್ಟೀಸ್ ಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ತಂದಿತು. ಅದಕ್ಕೆ ಹತ್ತು ವರ್ಷ ಅನುಭವ ಇರುವ ವಕೀಲರ ಪ್ರಮಾಣಪತ್ರ, ಅದರ ಮೇಲೆ ನ್ಯಾಯಾಂಗ ಅಧಿಕಾರಿಯ ದೃಢೀಕರಣ ಬೇಕು. ಅಂದರೆ ಜೂನಿಯರ್‌ನ ಜುಟ್ಟು ಸೀನಿಯರ್ ಕೈಗೆ ಇನ್ನಷ್ಟು ಗಟ್ಟಿಯಾಗಿ ಸಿಕ್ಕಿತು. ಬಿಟ್ಟು ಹೋದ ಅನ್ನುವ ಸಿಟ್ಟಿಗೆ ಸಹಿ ಹಾಕದೆ ಸತಾಯಿಸುವುದು ಯಾರಿಗೂ ಶೋಭೆ ಅಲ್ಲ. ಜೂನಿಯರ್‌ಗಳು ಹಾಜರಾದ ಕೇಸಿನ ನಂಬರು, ತಾರೀಕು, ನಿಮ್ಮ ಹಾಜರಿ ನಮೂದಾದ ಆರ್ಡರ್ ಶೀಟಿನ ಪ್ರತಿ ಇವನ್ನು ಮೊದಲ ದಿನದಿಂದಲೇ ಡೈರಿಯಲ್ಲಿ ಇಟ್ಟುಕೊಳ್ಳಿ.

ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರಲ್ಲಿ ಟ್ರೇನಿ, ಅಪ್ರೆಂಟಿಸ್, ಸಂಬಳ ಇಲ್ಲದೆ ಕೆಲಸ ಮಾಡುವವರು ಎಲ್ಲರೂ ಬರುತ್ತಾರೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಕಮ್ಮಿ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಮೂರು ತಿಂಗಳ ಗಡುವು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಫರ್ಮ್‌ಗಳು ಸಮಿತಿಯವರ ಹೆಸರು ಫೋನ್ ನಂಬರ್‌ಗಳನ್ನು ಇಂಟರ್ನ್‌ಗೂ ಮೊದಲ ದಿನವೇ ಕೊಡಬೇಕು. ಕಾಲೇಜಿನವರು, ದೂರು ಬಂದ ಆಫೀಸಿಗೆ ಮತ್ತೆ ಮಕ್ಕಳನ್ನು ಕಳಿಸಬೇಡಿ.

ಬಿಡುವ ದಿನ ಬಂದಾಗ ಜೂನಿಯರ್ ಮಾಡಬೇಕಾದ್ದು: ಕೈಯಲ್ಲಿರುವ ಫೈಲುಗಳ ಪಟ್ಟಿ, ಪ್ರತಿಯೊಂದರ ಮುಂದಿನ ತಾರೀಕು, ಏನು ಬಾಕಿ ಇದೆ, ಇಷ್ಟನ್ನು ಬರೆದು ಕೊಟ್ಟು ಸ್ವೀಕರಿಸಿದ್ದಕ್ಕೆ ಸಹಿ ತಗೊಳ್ಳುವುದು. ಆಫೀಸಿನ ಡ್ರಾಫ್ಟುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋಗಬೇಡಿ. ವಕಾಲತ್ತಿನಲ್ಲಿ ನಿಮ್ಮ ಹೆಸರು, ಸಹಿ ಇರುವ ಕೇಸುಗಳಲ್ಲಿ ಸೀನಿಯರ್‌ಗೆ ಹೇಳಿಯೇ ನಿವೃತ್ತಿ ಮೆಮೊ (ಈ ಕೇಸಿನಿಂದ ಹೊರಬರುತ್ತಿದ್ದೇನೆ ಅಂತ ಕೋರ್ಟಿಗೆ ತಿಳಿಸುವ ಪತ್ರ) ಹಾಕಿ. ಇಲ್ಲದಿದ್ದರೆ ಆಫೀಸು ಬಿಟ್ಟು ವರ್ಷವಾದರೂ ಆ ಕೇಸಿನ ಎಸ್‌ಎಂಎಸ್ ನಿಮ್ಮ ಫೋನಿಗೇ ಬರುತ್ತಿರುತ್ತದೆ, ಯಾರೂ ಹಾಜರಾಗದೆ ಕೇಸು ವಜಾ ಆದರೆ ಕಕ್ಷಿದಾರ ಹುಡುಕಿಕೊಂಡು ಬರುವುದೂ ನಿಮ್ಮ ಹತ್ತಿರವೇ.